ಮಠದ ಮಿರ್ಚಿ

ಕಾರು ಸಿರುಗುಪ್ಪದ ಕೊನೆಯ ಅಕ್ಕಿ ಗಿರಣಿಯನ್ನು ದಾಟಿ ಗದ್ದೆಗಳ ನಡುವಿನ ಬಳ್ಳಾರಿ ರಸ್ತೆಗೆ ಬಿದ್ದಾಗ ಚನ್ನಬಸವರಾಜನ ಬೆನ್ನಿನಲ್ಲಿ, ಸರಿಯಾಗಿ ಕೈಗೆ ಎಟುಕದ ಜಾಗದಲ್ಲೇ, ತುರಿಕೆ ಶುರುವಾಯಿತು. ಸೀಟಿಗೆ ಬೆನ್ನು ಉಜ್ಜಿದ. ಹೋಗಲಿಲ್ಲ. ಅದು ಬೆನ್ನಿನ ತುರಿಕೆಯಲ್ಲ, ಮನೆಯ ಫ್ರಿಜ್ಜಿನ ಹಿಂದೆ ತಾನು ಬಚ್ಚಿಟ್ಟು ಬಂದ ಅಜ್ಜಿಯ ರೊಟ್ಟಿಗಂಟಿನದು ಎಂದು ಅವನಿಗೆ ಗೊತ್ತಿತ್ತು, ಆದರೂ ಉಜ್ಜಿದ. ಹಿಂದಿನ ಸೀಟಿನಲ್ಲಿ ಅಜ್ಜಿ ಅಕ್ಕನಾಗಮ್ಮ ಕಿಟಕಿಗೆ ಮುಖ ಕೊಟ್ಟು, ನಾಟಿ ಆದ ಗದ್ದೆ ಯಾರದು, ಆಗದ ಗದ್ದೆ ಯಾರದು ಎಂದು ತನಗೆ ತಾನೇ ಹೇಳಿಕೊಳ್ಳುತ್ತ, ಹೊಸ ಸೀರೆಯ ಸೆರಗನ್ನು ಮತ್ತೆ ಮತ್ತೆ ತೊಡೆಯ ಮೇಲೆ ಸವರುತ್ತ ಕುಳಿತಿದ್ದಳು. ಬಳ್ಳಾರಿಗೆ ಅವಳು ಬಂದಿಲ್ಲವೆಂದಲ್ಲ. ದವಾಖಾನೆಗೆ ಬಂದಿದ್ದಳು, ಮದುವೆಯ ಬಟ್ಟೆಗೆ ಬಂದಿದ್ದಳು, ಯಾರೋ ಸತ್ತಾಗ ಬಂದಿದ್ದಳು. ಮೊನ್ನೆ ಊಟಕ್ಕೆ ಕೂತಾಗ, ‘ಊರು ನೋಡಾಕಂತ ಒಮ್ಮೆನೂ ಹೋಗಿಲ್ಲ ನೋಡು ನಾನು’ ಎಂದು ಯಾರನ್ನೂ ದೂರದೆ ಹೇಳಿದ್ದಳು. ‘ಏನ್ ಅಜ್ಜಿ, ಇಷ್ಟ ಏನು? ನಿನ್ನ ಮೊಮ್ಮಗ ಇರೋತನಕ ಬಳ್ಳಾರಿ ಏನು, ಬಾಂಬೆನೂ ನಿನ್ನ ಕಾಲಕೆಳಗ’ ಎಂದು ಚನ್ನ ಎದ್ದು ನಿಂತು ಟವೆಲ್ಲನ್ನು ಹೆಗಲ ಮೇಲೆ ಹಾರಿಸಿದ್ದ. ಟವೆಲ್ಲು ಹೋಗಿ ಸಾರಿನಲ್ಲಿ ಬಿದ್ದಿತ್ತು.

ಚನ್ನನಿಗೆ ಬದುಕು ಒಂದೊಂದು ಸೀನಾಗಿ ಕಾಣುತ್ತಿತ್ತು. ಹಲ್ಲುಜ್ಜುವಾಗಲೂ ಅವನ ತಲೆಯಲ್ಲಿ ಹಿನ್ನೆಲೆ ಸಂಗೀತ ಬರುತ್ತಿತ್ತು. ಹೀಗಾಗಿ ಅಜ್ಜಿ ಊರು ನೋಡಬೇಕೆಂದ ಕೂಡಲೇ ಅವನು ಕಂಡದ್ದು ಊರನ್ನಲ್ಲ, ಕ್ಲೈಮ್ಯಾಕ್ಸನ್ನು: ಹುಟ್ಟಿದಾಗಿನಿಂದ ಹೋಟೆಲಿನ ತುತ್ತು ಮುಟ್ಟದ ಅಕ್ಕನಾಗಮ್ಮ ಬಳ್ಳಾರಿಯ ಬೀದಿಯಲ್ಲಿ ಮಂಡಕ್ಕಿ ಒಗ್ಗರಣಿ-ಮಿರ್ಚಿ ತಿನ್ನುತ್ತಿದ್ದಾಳೆ, ಮೊಮ್ಮಗನ ಫೋನಿನಲ್ಲಿ ಅದು ದಾಖಲಾಗುತ್ತಿದೆ. ಅಜ್ಜಿಯ ಈ ನೇಮ ಮನೆಯ ಹೆಮ್ಮೆಯಾಗಿತ್ತು. ಬಂದ ಬೀಗರಿಗೆಲ್ಲ ಚನ್ನನ ಅಪ್ಪ ಅದನ್ನು ಮನೆಯ ಮಾಳಿಗೆ ತೋರಿಸಿದ ಹಾಗೆ ತೋರಿಸುತ್ತಿದ್ದ: ‘ನಮ್ಮವ್ವ ಲಿಂಗಪೂಜಿ ಆಗಲಾರದ ನೀರು ಮುಟ್ಟಂಗಿಲ್ಲ, ಹೊರಗಿಂದು ಒಂದು ಕಾಳು ತಿನ್ನಂಗಿಲ್ಲ. ಉಂಡ್ರ ನೆಂಟರ ಮನಿ, ಇಲ್ಲಾ ಮಠ.’ ಇಂಥ ನೇಮವೊಂದು ಮನೆಯಲ್ಲಿದ್ದರೆ ಅದನ್ನು ಒಮ್ಮೆ ತಟ್ಟಿ ನೋಡದೆ ಇರಲು ಚನ್ನನ ಕೈಗೆ ಆಗುತ್ತಿರಲಿಲ್ಲ. ಚಿಕ್ಕವನಿದ್ದಾಗ ಹಸಿ ಪೇಂಟಿಗೂ ಹಾಗೆಯೇ ಬೆರಳು ಹಚ್ಚುತ್ತಿದ್ದ.

‘ಯಾಕಲೇ ಹಂಗ ಒದ್ದಾಡ್ತಿ, ಸೀಟಿನಾಗ ತಿಗಣಿ ಅದಾವೇನು?’ ಎಂದ ಸ್ಟೀರಿಂಗ್ ಹಿಡಿದಿದ್ದ ದುರ್ಗೇಶ್. ಇಬ್ಬರೂ ಒಂದನೆಯ ತರಗತಿಯಿಂದ ಒಂದೇ ಬೆಂಚಿನವರು. ಈಗ ದುರ್ಗೇಶ್ ಸ್ವಂತ ಕಾರಿಟ್ಟು ಬಾಡಿಗೆಗೆ ಓಡಿಸುತ್ತಿದ್ದ. ಚನ್ನ ಏನೂ ಮಾಡದೆ ಎಲ್ಲ ಕಡೆ ಓಡಾಡುತ್ತಿದ್ದ.

‘ನಿನ್ನ ಗಾಡ್ಯಾಗ ತಿಗಣಿ ಇದ್ರೂ ಸೀಟ್ ಬೆಲ್ಟ್ ಹಾಕ್ಕೊಂಡು ಕುಂದರ್ತಾವು, ಅಷ್ಟು ಸ್ಲೋ ಹೊಡೀತಿ.’

‘ಹಿಂದ ಅಜ್ಜಿ ಅದಾರ. ನೀನೊಬ್ನ ಇದ್ರ ಕಾಲುವಿಗೇ ಬಿಡ್ತಿದ್ದೆ.’

ಅಜ್ಜಿ ಬಾಯಿಗೆ ಸೆರಗು ಹಚ್ಚಿ ನಕ್ಕಳು. ಆ ನಗುವಿಗೆ ಚನ್ನನ ಬೆನ್ನು ಮತ್ತೆ ಕಡಿಯಿತು.

ಕುರುಗೋಡಿನ ದೊಡ್ಡ ಬಸವಣ್ಣನ ಎದುರು ಅಜ್ಜಿ ಕೈಮುಗಿಯುವುದನ್ನೇ ಮರೆತು ನಿಂತುಬಿಟ್ಟಳು. ಒಂದೇ ಕಲ್ಲಿನ ಬಸವ. ಅದರ ಮುಖ ನೋಡಬೇಕಾದರೆ ಕುತ್ತಿಗೆ ಹಿಂದಕ್ಕೆ ಬಾಗಿಸಬೇಕು. ತಂಪಾದ ಕತ್ತಲೆಯಲ್ಲಿ ಎಣ್ಣೆ, ಹೂವು, ವಿಭೂತಿಯ ವಾಸನೆ. ‘ಇಷ್ಟು ದೊಡ್ಡದಿದ್ದು ಎಷ್ಟು ಸುಮ್ನ ಕುಂತೈತಿ ನೋಡಲೇ’ ಎಂದು ಅಜ್ಜಿ ಮೆಲ್ಲಗೆ ಅಂದಳು. ಅದು ತನಗೇ ಹೇಳಿದ್ದೆಂದು ಚನ್ನನಿಗೆ ಅನ್ನಿಸಿತು. ಅವನು ಒಂದು ಗಳಿಗೆ ಸುಮ್ಮನಿರಲು ಪ್ರಯತ್ನಿಸಿದ. ಬಸವನ ಕಣ್ಣು ನೇರ ತನ್ನನ್ನು ದಾಟಿ, ಬಾಗಿಲು ದಾಟಿ, ಗುಡ್ಡಗಳನ್ನು ದಾಟಿ ಸಿರುಗುಪ್ಪದ ಫ್ರಿಜ್ಜಿನ ಹಿಂಬದಿಯನ್ನೇ ನೋಡುತ್ತಿದೆಯೆಂದು ಅನುಮಾನವಾಗಿ, ಅವನು ಗಡಿಬಿಡಿಯಿಂದ ಒಂದಿಷ್ಟು ವಿಭೂತಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಹೊರಗೆ ಬಂದ. ಆ ವಿಭೂತಿಗೂ ಅವನ ತಲೆಯಲ್ಲಿ ಒಂದು ಪಾತ್ರವಿತ್ತು. ಹೊರಗೆ ಬಿಸಿಲು ಬಂಡೆಗಳ ಮೇಲೆ ಕೂತು ಬೀಡಿ ಸೇದುವವರ ಹಾಗೆ ನಿರಾಳವಾಗಿತ್ತು. ಅಜ್ಜಿ ಮೆಟ್ಟಿಲಿಳಿಯುವಾಗ ದುರ್ಗೇಶ್ ಕೈ ಕೊಟ್ಟ, ಅವಳು ಹಿಡಿದುಕೊಂಡಳು. ಚನ್ನ ಆಗ ಇದನ್ನು ಗಮನಿಸಿರಲಿಲ್ಲ.

ಬಳ್ಳಾರಿಯ ಕೋಟೆಗುಡ್ಡವನ್ನು ಅಜ್ಜಿ ಹತ್ತುವುದಿಲ್ಲ, ಕೆಳಗಿನಿಂದಲೇ ಒಂದು ಫೋಟೋ ಹೊಡೆದು ಮುಗಿಸಬಹುದು ಎಂದು ಅವನ ಲೆಕ್ಕವಿತ್ತು. ಅಜ್ಜಿ ಹತ್ತಿದಳು. ನಡುನಡುವೆ ಬಂಡೆಗೆ ಒರಗಿ, ‘ತಡೀರಿ, ಊರಿಗೆ ಉಸಿರು ತಗೊಳ್ಳಾಕ ಬಿಡ್ರಿ’ ಎಂದು ತನ್ನ ಏದುಸಿರನ್ನು ಊರಿನ ಮೇಲೆ ಹಾಕಿ ಹತ್ತಿದಳು. ಮೇಲೆ ಗೋಡೆಯ ಪಕ್ಕದಲ್ಲಿ ಕೂತು, ಕೆಳಗೆ ಹರಡಿದ ಮಾಳಿಗೆಗಳು, ನೀರಿನ ಟ್ಯಾಂಕುಗಳು, ಗಡಿಯಾರದ ಕಂಬ, ಒಣಹಾಕಿದ ಜೀನ್ಸ್ ಪ್ಯಾಂಟುಗಳ ನೀಲಿ ಸಾಲು ಎಲ್ಲವನ್ನೂ ತಟ್ಟೆಯಲ್ಲಿ ಬಡಿಸಿಟ್ಟದ್ದನ್ನು ನೋಡುವ ಹಾಗೆ ನೋಡಿದಳು. ಇಲ್ಲಿ ಒಂದು ಡೈಲಾಗು ಬೇಕೇಬೇಕು ಎನ್ನಿಸಿ ಚನ್ನ ಬುರುಜಿನ ಮೇಲೆ ಕಾಲಿಟ್ಟು, ಕೈ ಚಾಚಿ, ‘ಈ ಕ್ವಾಟಿ ಕಟ್ಟಿದವನು ರಾಜ ಆದ್ರ, ಈ ಕ್ವಾಟಿ ಹತ್ತಿದ ನಮ್ಮಜ್ಜಿ...’ ಎಂದು ಶುರುಮಾಡಿದ. ಮುಂದಿನದು ಹೊಳೆಯಲಿಲ್ಲ. ಪಕ್ಕದಲ್ಲಿ ಸೆಲ್ಫಿ ತೆಗೆಯುತ್ತಿದ್ದ ಕಾಲೇಜು ಹುಡುಗಿಯರು ಕಾಯುತ್ತಿದ್ದರು. ಒಬ್ಬಳು, ‘ಅಣ್ಣಾ, ನೆಟ್‌ವರ್ಕ್ ಹೋತೇನು?’ ಎಂದಳು. ಅವರ ನಗು ಬಂಡೆಯಿಂದ ಬಂಡೆಗೆ ಪುಟಿದು ಇಳಿದುಹೋಯಿತು. ಅಜ್ಜಿಯೂ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಕಿವಿ ಬಿಸಿಯಾಗಿ ಇಳಿಯುವಾಗ ಅವನಿಗೆ, ತಾನು ಸೋತಾಗಲೆಲ್ಲ ಈ ಮುದುಕಿಗೆ ಇಷ್ಟು ಖುಷಿಯಾಗುವುದಾದರೆ ಸೋಲಬಹುದಲ್ಲ ಎಂಬ ವಿಚಾರ ಬಂದು, ಅದು ತನ್ನ ಸ್ವಭಾವಕ್ಕೆ ಹೊಂದದ ವಿಚಾರವೆಂದು ಬಿಟ್ಟುಬಿಟ್ಟ.

ಕಾರಿನಲ್ಲಿ ಅಜ್ಜಿ ಚೀಲಕ್ಕೆ ಕೈ ಹಾಕಿದಳು. ಕುಂಕುಮದ ಡಬ್ಬಿ, ಟವೆಲ್ಲು, ನೀರಿನ ಬಾಟಲಿ. ಇನ್ನೊಮ್ಮೆ ಕೈ ಹಾಕಿದಳು. ‘ರೊಟ್ಟಿಗಂಟು ಇಟ್ಟಿದ್ದೆನಲ್ಲೋ’ ಎಂದಳು. ಚನ್ನ ಮುಂದೆ ನೋಡಿದ. ಈ ಗಳಿಗೆಗೆ ಅವನು ಒಂದು ಮುಖ ಸಿದ್ಧ ಮಾಡಿಟ್ಟುಕೊಂಡಿದ್ದ, ಹುಬ್ಬು ಮೇಲೆತ್ತಿದ ಅಮಾಯಕನ ಮುಖ. ಆದರೆ ಅಜ್ಜಿ ಅವನ ಮುಖ ನೋಡಲೇ ಇಲ್ಲ. ಚೀಲವನ್ನು ಮಡಿಲಲ್ಲಿಟ್ಟುಕೊಂಡು, ‘ಪುಂಡಿಪಲ್ಲೆ ಮ್ಯಾಲ ಮುಚ್ಚಿ ಕಟ್ಟಿದ್ದು ನೆನಪೈತಿ. ಇಟ್ಟಿದ್ದಿಲ್ಲೇನೋ. ಇತ್ತೀಚಿಗೆ ಹಂಗ ಆಗಾಕ ಹತ್ತೇತಿ ನಂಗ’ ಎಂದಳು, ತನ್ನ ತಲೆಯ ಬಗ್ಗೆ ತಾನೇ ಯಾರದೋ ಸುದ್ದಿ ಹೇಳುವವಳಂತೆ. ಇದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಬೈದಿದ್ದರೆ ನಗುತ್ತಿದ್ದ, ಹುಡುಕಿದ್ದರೆ ಹುಡುಕುವ ನಾಟಕ ಮಾಡುತ್ತಿದ್ದ. ಅವಳು ತನ್ನ ನೆನಪನ್ನೇ ಅನುಮಾನಿಸುತ್ತಾಳೆಂದು ಅವನಿಗೆ ಹೊಳೆದಿರಲಿಲ್ಲ. ಈಗಲೇ ಹೇಳಿಬಿಡಬೇಕು. ಬಾಯಿ ತೆರೆದ. ಹೊರಗೆ ಬಂದದ್ದು, ‘ದುರ್ಗ, ಕೌಲ್ ಬಜಾರಿಗೆ ತಿರುಗಿಸು’ ಎಂಬ ಮಾತು.

ಕೌಲ್ ಬಜಾರಿನ ಓಣಿಯಲ್ಲಿ ಆಟೊಗಳು ಒಂದರ ಬೆನ್ನಿಗೊಂದು ಅಂಟಿಕೊಂಡಿದ್ದವು. ಮೇಲಿನ ಅಂತಸ್ತುಗಳಿಂದ ಹೊಲಿಗೆ ಮಷಿನ್ನುಗಳ ಸದ್ದು ಜೇನುಹುಟ್ಟಿನ ಹಾಗೆ ಇಳಿಯುತ್ತಿತ್ತು. ಕಾರನ್ನು ಒಂದು ಬೇವಿನ ಮರದಡಿ ನಿಲ್ಲಿಸಿ ಅಜ್ಜಿಯನ್ನು ಅದರಲ್ಲೇ ಕೂರಿಸಿ, ಮೂಲೆ ದಾಟಿ ದುರ್ಗೇಶನ ಸೋದರತ್ತೆ ಹಂಪಕ್ಕನ ಮಿರ್ಚಿ ಬಂಡಿಗೆ ಇಬ್ಬರೂ ಹೋದರು. ಚನ್ನ ಬಳ್ಳಾರಿಗೆ ಬಂದಾಗೆಲ್ಲ ತಿನ್ನುವುದು ಇಲ್ಲೇ. ಹಂಪಕ್ಕ ಮೆಣಸಿನಕಾಯಿಯ ಹೊಟ್ಟೆ ಸೀಳಿ ಹುಣಸೆಹುಳಿ, ಅಜವಾನ ತುಂಬಿ, ಕಡಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟಳೆಂದರೆ ಮೇಲಿನ ಮಷಿನ್ನುಗಳ ಸದ್ದು ಒಂದೊಂದೇ ನಿಲ್ಲುತ್ತಿತ್ತು. ‘ಬಾರೋ ಹೀರೋ, ಇವತ್ತು ಯಾರಿಗೆ ಟೋಪಿ ಹಾಕಾಕ ಬಂದಿ?’ ಎಂದಳು. ‘ನಿನ್ನ ಕೈಗೆ ಟೋಪಿ ಅಲ್ಲತ್ತಿ, ಕಿರೀಟ ಹಾಕಬೇಕು’ ಎಂದ ಅವನು ಒಗ್ಗರಣಿಯನ್ನೂ ನಾಲ್ಕು ಮಿರ್ಚಿಯನ್ನೂ ಕಟ್ಟಿಸಿಕೊಂಡು ಮೂಲೆಯ ಮರೆಗೆ ಬಂದ. ಜೇಬಿನಿಂದ ಮಡಚಿದ ಮುತ್ತಗದ ಎಲೆ ತೆಗೆದು ಎಲ್ಲವನ್ನೂ ಅದಕ್ಕೆ ಸುರಿದು, ಅಂಚಿನಲ್ಲಿ ಕುರುಗೋಡಿನ ವಿಭೂತಿಯನ್ನು ಚಿಟಿಕೆಯಷ್ಟು ಇಟ್ಟ. ದುರ್ಗೇಶ್ ಹಲ್ಲು ಕಿಸಿದು ನೋಡುತ್ತಿದ್ದ. ಅಲ್ಲಿಯವರೆಗೆ ಅವನಿಗೂ ಇದು ಮಜವೇ ಆಗಿತ್ತು.

‘ಅಜ್ಜಿ, ಹಿಂದಗಡೆ ಮಠದಾಗ ದಾಸೋಹ ನಡದೈತಿ. ಪ್ರಸಾದ ಕೊಟ್ರು.’

‘ಮಠದಾಗ ಮಿರ್ಚಿ ಮಾಡ್ಯಾರೇನು?’

‘ಮಠಾನೂ ಅಪ್‌ಡೇಟ್ ಆಗ್ಯಾವಜ್ಜಿ.’

ಅಜ್ಜಿ ಎಲೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು. ವಿಭೂತಿಯನ್ನು ಹಣೆಗೆ ಹಚ್ಚಿಕೊಂಡಳು. ಚನ್ನ ಫೋನು ಮೇಲೆತ್ತಿದ. ಚೌಕಟ್ಟಿನೊಳಗೆ ಅಜ್ಜಿ ಕಣ್ಣು ಮುಚ್ಚಿ ಅಗಿಯುತ್ತಿದ್ದಳು; ಖಾರ ನೆತ್ತಿಗೇರಿ ಮೂಗು ಕೆಂಪಾಗಿ, ಆದರೂ ನಿಲ್ಲಿಸದೆ, ಇನ್ನೊಂದು ಮಿರ್ಚಿಯ ತುದಿಯನ್ನು ಹುಡುಗಾಟದ ಹುಡುಗಿಯ ಹಾಗೆ ಹಲ್ಲಿನಿಂದ ಕಚ್ಚಿ ಎಳೆದಳು. ಇಷ್ಟು ಸಂತೋಷವನ್ನು ಅವನು ಆ ಮುಖದ ಮೇಲೆ ಎಂದೂ ಕಂಡಿರಲಿಲ್ಲ. ಅದನ್ನು ಕೊಟ್ಟವನು ತಾನೇ, ಕದ್ದವನೂ ತಾನೇ ಎಂದು ಒಟ್ಟಿಗೇ ಅನ್ನಿಸಿತು. ಎಲೆಯ ಮೇಲೆ ಒಂದು ಮಂಡಕ್ಕಿಯೂ ಉಳಿಯಲಿಲ್ಲ. ಸೀನು ಮುಗಿದಿತ್ತು. ಚಪ್ಪಾಳೆ ಎಲ್ಲಿಂದಲೂ ಬರಲಿಲ್ಲ.

‘ಇದನ್ನ ಮಾಡಿದಾಕಿನ್ನ ನೋಡಬೇಕಲೇ ನಾನು’ ಎಂದಳು ಅಜ್ಜಿ, ಮೂಗು ಒರೆಸಿಕೊಳ್ಳುತ್ತ. ‘ಕರಕೊಂಡು ಹೋಗು. ಒಂದು ಕೈ ಮುಗದು ಬರ್ತೀನಿ.’

‘ಅವರು... ಮಠದವರು ಬಿಜಿ ಅದಾರಜ್ಜಿ. ಕೇಳ್ಕೊಂಡು ಬರ್ತೀನಿ ತಡಿ’ ಎಂದು ಚನ್ನ ದುರ್ಗೇಶನ ತೋಳು ಹಿಡಿದು ಮೂಲೆಯ ಆಚೆಗೆ ಎಳೆದ. ತಲೆಯಲ್ಲಿ ಎಲ್ಲ ಮಷಿನ್ನುಗಳೂ ಒಟ್ಟಿಗೆ ಓಡುತ್ತಿದ್ದವು. ‘ಮಠ ಅಲ್ಲ ಅಂತ ಹೇಳಿಬಿಡ್ತೀನಿ. ಸರ್ಕಲ್ಲಿನ ಹತ್ರ ದೊಡ್ಡ ಹೋಟೆಲಿಂದು ಅಂತೀನಿ. ನೀನೂ ಹಂಗ ಅನ್ನು.’

‘ಯಾಕ? ನಮ್ಮತ್ತಿ ಬಂಡೀದು ಅನ್ನು.’

‘ಹಂಗಲ್ಲಲೇ...’

‘ಹೆಂಗ ಮತ್ತ?’

‘ಅಜ್ಜಿ ಹಳೇ ಕಾಲದಾಕಿ, ದುರ್ಗ. ಹೋಟೆಲಂದ್ರ ಹೆಂಗೋ ಮಾಡಿ ತಡಕೋತಾಳ. ಅದು, ಇದು, ಅಂದ್ರ... ನಿಂಗ ಗೊತ್ತೈತಲ್ಲ.’

ದುರ್ಗೇಶ್ ತೋಳನ್ನು ಬಿಡಿಸಿಕೊಂಡ. ಕೊಸರಿಕೊಳ್ಳಲಿಲ್ಲ, ತೋಳಿನ ಮೇಲೆ ಕೂತ ನೊಣವನ್ನು ತೆಗೆಯುವಷ್ಟೇ ಮೆಲ್ಲಗೆ. ‘ಗೊತ್ತೈತಿ’ ಎಂದ. ‘ನಮ್ಮತ್ತಿ ಮಿರ್ಚಿ ತಿನ್ನಾಕ ಆಗ್ತೈತಿ, ಹೆಸರು ಹೇಳಾಕ ಆಗಂಗಿಲ್ಲ. ಅಜ್ಜೀ ತಕರಾರಲ್ಲಪ ಇದು, ನಿಂದು. ಹೋಗು, ಏನಂತೀಯೋ ಅನ್ನು. ನಿಮ್ಮನ್ನ ಊರಿಗೆ ಮುಟ್ಟಸ್ತೀನಿ. ನಾಳಿಂದ ನನಗ ಫೋನ್ ಹಚ್ಚಬ್ಯಾಡ.’

ಇದಕ್ಕೆ ಉತ್ತರವಾಗಿ ಚನ್ನನ ಬಳಿ ನೂರು ಡೈಲಾಗುಗಳಿದ್ದವು. ಗೆಳೆತನದ ಮೇಲೇ ಹತ್ತಿಪ್ಪತ್ತು ಇದ್ದಿರಬೇಕು, ಎದೆ ಬಡಿದುಕೊಂಡು ಹೇಳುವಂಥವು. ಆದರೆ ಬಂದದ್ದು ಒಂದು ಚಿತ್ರ: ಮನೆಯ ಮುಂದಿನ ಕಟ್ಟೆ, ಅದರ ಮೇಲೆ ಕೂತ ದುರ್ಗೇಶ್. ಐದನೆಯ ತರಗತಿಯ ದುರ್ಗೇಶ್, ಕಾಲೇಜಿನ ದುರ್ಗೇಶ್, ಇವತ್ತು ಬೆಳಿಗ್ಗೆ ಹಾರ್ನ್ ಒತ್ತಿ ಇಳಿದು ಬಂದು ಕೂತ ದುರ್ಗೇಶ್. ಸಿರುಗುಪ್ಪದ ಅಂಬೇಡ್ಕರ್ ನಗರದಿಂದ ತನ್ನ ಓಣಿಗೆ ಅವನು ದಿನಾ ಬರುತ್ತಿದ್ದ, ಆ ಕಟ್ಟೆಯವರೆಗೆ. ಬೇಡವೆನ್ನಿಸಿ ಯಾರೂ ಒಳಗೆ ಬಾ ಎಂದು ಹೇಳದೆ ಇದ್ದದ್ದಲ್ಲ. ಹೇಳಬೇಕೆಂದು ಯಾರಿಗೂ ನೆನಪಾಗಿರಲಿಲ್ಲ. ಹಾಗೆಂದು ಚನ್ನ ತನಗೆ ಹೇಳಿಕೊಂಡ. ಹೇಳಿಕೊಂಡ ಕೂಡಲೇ ಅದು ಸುಳ್ಳೆಂದೂ ತಿಳಿಯಿತು. ಅವನಿಗೆ ನೆನಪಾಗಿತ್ತು, ಬಹಳ ಸಲ. ಪ್ರತಿ ಸಲವೂ ಅಪ್ಪನ ಮುಖ ಹೇಗಾದೀತೆಂದು ನೋಡುವ ಕಷ್ಟಕ್ಕಿಂತ, ‘ನಡಿಲೇ, ಹೊರಗ ಏನಾರ ತಿನ್ನಾಮು’ ಎಂದು ಅವನ ಹೆಗಲಿಗೆ ಕೈ ಹಾಕುವುದು ಸುಲಭವಾಗಿತ್ತು. ಆ ಹೆಗಲಿಗೆ ಹಾಕಿದ ಕೈಯನ್ನೇ ಅವನು ಇಷ್ಟು ವರ್ಷ ತನ್ನ ದೊಡ್ಡತನವೆಂದು ತಿಳಿದಿದ್ದ.

ಮೂಲೆಯಿಂದ ಇಣುಕಿ ನೋಡಿದರೆ ಕಾರಿನ ಬಾಗಿಲು ತೆರೆದಿತ್ತು. ಅಜ್ಜಿ ಇರಲಿಲ್ಲ. ವಾಸನೆ ಹಿಡಿದು ಅವಳು ಇನ್ನೊಂದು ಸಂದಿಯಿಂದ ನೇರ ಬಂಡಿಯ ಮುಂದೆ ಹೋಗಿ ನಿಂತಿದ್ದಳು. ಇಬ್ಬರೂ ಓಡಿದರು.

‘ದಾಸೋಹದ ಮಿರ್ಚಿ ಮಾಡಿದಾಕಿ ನೀನೇನಮ್ಮ? ಯಾವ ಮಠ ಇದು?’

‘ಮಠ ಎಲ್ಲೀದ್ರಿ ಅಮ್ಮ?’ ಹಂಪಕ್ಕ ಜಾಲರಿಯನ್ನು ಕೈಯಲ್ಲೇ ಹಿಡಿದು ನಕ್ಕಳು. ‘ಇದು ನನ್ನ ಬಂಡಿ. ನಮ್ಮ ದುರುಗನೂ ಈ ಹೀರೋನೂ ಈಗ ಕಟ್ಟಿಸ್ಕೊಂಡು ಹೋದ್ರು.’

ಅಜ್ಜಿ ತಿರುಗಿದಳು. ಹಣೆಯ ಮೇಲೆ ಚನ್ನ ಇಟ್ಟುಕೊಟ್ಟ ವಿಭೂತಿ ಇನ್ನೂ ಇತ್ತು. ‘ಏನಲೇ?’ ಎಂದಳು.

ಚನ್ನ ಹೇಳಿದ. ದೊಡ್ಡ ಹೋಟೆಲಿನ ಸುಳ್ಳು ಬಾಯಿಯವರೆಗೆ ಬಂದಿತ್ತು. ಪಕ್ಕದಲ್ಲಿ ದುರ್ಗೇಶ್ ನಿಂತಿದ್ದ, ಅವನ ಉಸಿರು ಕೇಳುತ್ತಿತ್ತು. ‘ಮಠ ಸುಳ್ಳಜ್ಜಿ. ರೊಟ್ಟಿಗಂಟು ನಾನ ತಗದು ಫ್ರಿಜ್ಜಿನ ಹಿಂದ ಇಟ್ಟೀನಿ, ನೀನು ಮರ್ತಿಲ್ಲ. ಈಕಿ ಹಂಪಕ್ಕ, ದುರ್ಗೇಶನ ಸ್ವಾದರತ್ತಿ. ನಾನು ಬಳ್ಳಾರಿಗೆ ಬಂದಾಗೆಲ್ಲ ಇಲ್ಲೇ ತಿಂತೀನಿ. ನೀನು ಹೊರಗಿಂದು ತಿನ್ನಂಗಿಲ್ಲಂತ ಗೊತ್ತಿದ್ದ ಮಾಡೀನಿ.’ ಹೇಳುತ್ತಿದ್ದಂತೆ ಅವನ ದನಿ ಅವನಿಗೇ ಗುರುತು ಸಿಗದಷ್ಟು ಸಾದಾ ಆಗಿತ್ತು.

‘ನಾನು ತಿನ್ನಂಗಿಲ್ಲಂತ ಯಾರು ಹೇಳಿದ್ರು ನಿನಗ?’

‘ಎಲ್ಲಾರೂ. ಅಪ್ಪ.’

‘ನಾನು ಹೇಳೀನೇನು?’

ಅವನು ಯೋಚಿಸಿದ. ಅವಳು ಹೇಳಿದ್ದು ನೆನಪಾಗಲಿಲ್ಲ.

ಅಜ್ಜಿ ಬಂಡಿಯ ಅಂಚಿಗೆ ಕೈ ಊರಿದಳು. ‘ಮದುವ್ಯಾದ ಹೊಸದ್ರಾಗ ಇದ ಊರಿಗೆ ಬಂದಿದ್ವಿ, ಸೀರಿ ತರಾಕ. ಸರ್ಕಲ್ಲಿನ ಹತ್ರ ಒಂದು ಹೋಟೆಲಿತ್ತು. ಅತ್ತಿ, ಮಾವ, ನಿಮ್ಮಜ್ಜ, ಎಲ್ಲಾರೂ ತಾಟು ತರಿಸ್ಕೊಂಡು ತಿಂದ್ರು. ನಾನು ಬಾಜೂಕ ಕುಂತೀನಿ, ತಲಿ ಮ್ಯಾಲ ಸೆರಗು ಹೊದ್ಕೊಂಡು. ನೀನೂ ತಿನ್ನಬೇ ಅಂತ ಒಬ್ಬರ ಬಾಯಾಗೂ ಬರಲಿಲ್ಲ. ಹೋಟೆಲಿನವ ಬಂದು ಏನು ಬೇಕಂದ. ಹೊಸ ಸೊಸಿ, ಏನಂತ ಹೇಳ್ಲಿ? ಏನೂ ಬ್ಯಾಡಂದೆ. ಮನಿಗೆ ಬಂದಮ್ಯಾಲ ಅತ್ತಿ, ನಮ್ಮ ಸೊಸಿ ಹೊರಗಿಂದು ಮುಟ್ಟಂಗಿಲ್ಲ ಅಂತ ಓಣಿಗೆಲ್ಲ ಹೇಳ್ಕೊಂಡು ಬಂದ್ಳು. ಆತಪ, ಹಂಗ ಇರ್ಲಿ ಅಂದೆ. ಕರಿಲಾರದ ಕಡೆ ಕುಂದ್ರಂಗಿಲ್ಲ ಅಂತ ಮನಸಿನ್ಯಾಗ ಇಟ್ಕೊಂಡೆ. ನೆಂಟರು ಕರೀತಾರ, ಮಠದಾಗ ಕರೀತಾರ. ಹೋಟೆಲಿನ್ಯಾಗ ಯಾರು ಕರೀತಾರ?’

ಹಂಪಕ್ಕ ಜಾಲರಿಯನ್ನು ಬಾಣಲೆಯ ಮೇಲೆ ಅಡ್ಡ ಇಟ್ಟಳು. ಸೆರಗಿನಿಂದ ಬೆಂಚು ಒರೆಸಿದಳು. ‘ಹಂಗಿದ್ರ ನಾನು ಕರೀತೀನಿ ತಗೋರಿ. ಬರ್ರಿ ಅಮ್ಮ, ಕುಂದರ್ರಿ, ಬಿಸೀವು ತಿನ್ರಿ’ ಎಂದಳು. ಆಮೇಲೆ, ಎಣ್ಣೆಯನ್ನೇ ನೋಡುತ್ತ, ‘ನಾವು ಯಾರಂತ ಗೊತ್ತಾತಲ್ರಿ?’ ಎಂದಳು.

ಅಜ್ಜಿ ಕೂರಲು ಬಗ್ಗಿದ್ದಳು. ಬಗ್ಗಿದಲ್ಲೇ ನಿಂತಳು. ಅವಳ ಒಂದು ಕೈ ಎದೆಯ ಮೇಲಿನ ಲಿಂಗದ ಕರಡಿಗೆಯ ಮೇಲಿತ್ತು, ಇನ್ನೊಂದು ಬೆಂಚನ್ನು ಹುಡುಕುತ್ತ ಗಾಳಿಯಲ್ಲಿತ್ತು. ಆ ನಿಂತ ಗಳಿಗೆಯಲ್ಲಿ ಅವಳೊಳಗೆ ಏನು ಹಾದುಹೋಯಿತೆಂದು ಚನ್ನನಿಗೆ ಮುಂದೆಯೂ ತಿಳಿಯಲಿಲ್ಲ. ಅವಳ ಅತ್ತೆ ಬಂದಿದ್ದಳೋ, ಚನ್ನನ ಅಪ್ಪ ಬಂದಿದ್ದನೋ, ಇಡೀ ಓಣಿಯೇ ಬಂದು ಸಾಲಾಗಿ ನಿಂತಿತ್ತೋ. ದುರ್ಗೇಶ್ ಬೇರೆ ಕಡೆ ನೋಡುತ್ತಿದ್ದ. ಗಾಳಿಯಲ್ಲಿದ್ದ ಕೈ ಬೆಂಚಿಗೆ ತಾಗಿತು, ಅಜ್ಜಿ ಕೂತಳು.

‘ಆಗಿನ ಕಾಲಕ್ಕ ಎದ್ದು ಹೋಗ್ತಿದ್ದೆನೋ ಏನೋ’ ಎಂದಳು. ‘ಸುಳ್ಳು ಯಾಕ ಹೇಳ್ಲಿ. ಈಗ ಏಳಾಕ ಮನಸಿಲ್ಲವಾ, ಕ್ವಾಟಿ ಹತ್ತಿ ಇಳದು ಮಂಡಿ ಹೋಗ್ಯಾವು. ಹಾಕು. ಹುಣಸಿಹಣ್ಣು ಹಳೇದೇನು? ಹೊಸದ್ರಾಗ ಈ ರುಚಿ ಬರಂಗಿಲ್ಲ.’

‘ಹಳೇದರಿ, ಬರೋಬರಿ ಹೇಳಿದ್ರಿ’ ಎಂದ ಹಂಪಕ್ಕನ ಮುಖ ಎಣ್ಣೆಯ ಬಿಸಿಗೋ ಯಾತಕ್ಕೋ ಹೊಳೆಯುತ್ತಿತ್ತು. ಇಬ್ಬರೂ ಹುಣಸೆಹಣ್ಣಿಗೆ ಉಪ್ಪು ಎಷ್ಟು ಹಾಕಿ ಕಟ್ಟಿಡಬೇಕೆಂಬ ಮಾತಿಗೆ ಇಳಿದರು. ‘ಈ ಕತ್ತೆಗೆ ಏನೂ ಕೊಡಬ್ಯಾಡ’ ಎಂದು ಅಜ್ಜಿ ಮೊಮ್ಮಗನ ಕಡೆ ಗದ್ದ ಮಾಡಿದಳು. ‘ದೇವರ ಹೆಸರ್ಲೆ ಸುಳ್ಳು ಹೇಳ್ಯಾನ, ನಿಂತು ನೋಡ್ಲಿ.’ ಹೀಗಾಗಿ ಚನ್ನ ನಿಂತು ನೋಡಿದ. ಬೀದಿಯ ನಡುವೆ, ತನ್ನ ಮೆಚ್ಚಿನ ಬಂಡಿಯ ಮುಂದೆ, ಹಸಿದ ಹೊಟ್ಟೆಯಲ್ಲಿ ಅವಮಾನಿತನಾಗಿ ನಿಂತವನಿಗೆ ಎಲ್ಲಿಂದಲೋ ಬಂದ ಸಂತೋಷವೊಂದು ಕಾಲಿನಿಂದ ಹತ್ತತೊಡಗಿತು. ಅದಕ್ಕೆ ಸಂಗೀತವಿರಲಿಲ್ಲ. ಮಷಿನ್ನುಗಳ ಸದ್ದಿತ್ತು, ಆಟೊ ಹಾರ್ನಿತ್ತು, ಎಣ್ಣೆಯ ಚುರ್ ಎನ್ನುವ ಸದ್ದಿತ್ತು.

ದುರ್ಗೇಶ್ ಸ್ವಲ್ಪ ದೂರದಲ್ಲಿ ಗೋಡೆಗೆ ಒರಗಿ ಮಿರ್ಚಿ ತಿನ್ನುತ್ತಿದ್ದ. ಚನ್ನ ಹೋಗಿ ಪಕ್ಕದಲ್ಲಿ ನಿಂತ. ಹೆಗಲಿಗೆ ಕೈ ಹಾಕಲು ಎತ್ತಿ, ಹಾಕಲಿಲ್ಲ. ಗಂಟಲು ಸರಿಮಾಡಿಕೊಂಡು, ‘ಕೇಳು ದುರ್ಗ, ಈ ಎದಿಯೊಳಗ...’ ಎಂದು ಶುರುಮಾಡಿದ.

‘ಡೈಲಾಗ್ ಹೊಡದ್ರ ಈಗಿಂದೀಗ ಕಾರು ಹತ್ತಿ ಹೋಗ್ತೀನಿ.’

‘ನಾಳೆ ಊಟಕ್ಕ ಬಾ ಮನಿಗೆ.’

ದುರ್ಗೇಶ್ ಅಗಿಯುವುದನ್ನು ನಿಲ್ಲಿಸಿದ. ‘ಕಟ್ಟಿ ಮ್ಯಾಲ ಕೊಡ್ತಿಯೇನು?’

‘ಒಳಗ. ನನ್ನ ಬಾಜೂಕ.’

‘ನಿಮ್ಮಪ್ಪ?’

‘ಎದುರಿಗೆ ಕುಂತಿರ್ತಾನ. ನನಗ ಹೆದರಿಕಿ ಆಗೇ ಆಗ್ತೈತಿ, ನೀನು ಬಾ.’

ದುರ್ಗೇಶ್ ಮಿರ್ಚಿಯ ತೊಟ್ಟನ್ನು ಬೆರಳಲ್ಲಿ ತಿರುಗಿಸಿದ. ‘ಏನ್ ಅಡಗಿ?’ ಎಂದ.

ಚನ್ನನಿಗೆ ಅದು ಹೊಳೆದಿರಲಿಲ್ಲ. ಬಂಡಿಯ ಕಡೆ ತಿರುಗಿ ಕೂಗಿದ. ‘ಅಜ್ಜಿ, ನಾಳೆ ಮನ್ಯಾಗ ಏನ್ ಅಡಗಿ? ದುರ್ಗೇಶನ್ನ ಊಟಕ್ಕ ಕರದೀನಿ.’

ಅಜ್ಜಿಯ ಬಾಯಿ ತುಂಬಿತ್ತು. ಅಗಿದು, ನುಂಗಿ, ಬೆರಳು ನೆಕ್ಕಿಕೊಂಡು, ‘ಕರದಾವ ನೀನಲ್ಲೇನು?’ ಎಂದಳು. ‘ನೀನ ಮಾಡು.’

ಹಂಪಕ್ಕ ಜಾಲರಿ ಬಡಿದು ನಕ್ಕಳು. ದುರ್ಗೇಶ್ ಗೋಡೆಯಿಂದ ಬೆನ್ನು ತೆಗೆದು ನೆಟ್ಟಗಾದ. ‘ಹಂಗಿದ್ರ ನಾನು ನಮ್ಮ ಮನ್ಯಾಗ ಉಂಡ ಬರ್ತೀನಪ’ ಎಂದ. ಅನ್ನುತ್ತಲೇ ತನ್ನ ಕಾಗದದಲ್ಲಿ ಉಳಿದಿದ್ದ ಒಂದು ಮಿರ್ಚಿಯನ್ನು ಮುರಿದು, ಅಜ್ಜಿಗೆ ಕಾಣದ ಹಾಗೆ, ದೊಡ್ಡ ತುಂಡನ್ನು ಚನ್ನನ ಕೈಗೆ ಹಾಕಿದ.